ಮೋಲ್ಡಿಂಗ್ ಬಾಕ್ಸ್ ಕಟ್ಟುವ ಹುಡುಗರಿಗೆ ಕಿವಿಮಾತು

ಬೆಳಗಾವಿಯ ಉದ್ಯಮಬಾಗದಲ್ಲಾಗಲಿ, ಶಿವಮೊಗ್ಗದ ಮಾಚೇನಹಳ್ಳಿಯಲ್ಲಾಗಲಿ, ಹೊಸದಾಗಿ ಫೌಂಡ್ರಿ ಹಾಕುವವರು ಮೊದಲು ಎತ್ತುವುದು ಫರ್ನೇಸಿನ ಮಾತು. ಎಷ್ಟು ಕಿಲೋವ್ಯಾಟ್, ಕರೆಂಟ್ ಬಿಲ್ ಎಷ್ಟಾಗುತ್ತದೆ, ಸ್ಕ್ರ್ಯಾಪ್ ಎಲ್ಲಿಂದ ತರಿಸೋಣ. ಆಮೇಲೆ ಮರಳು, ಬೆಂಟೊನೈಟ್, ಪ್ಯಾಟರ್ನ್. ಬಾಕ್ಸಿನ ಸರದಿ ಬರುವಷ್ಟರಲ್ಲಿ ಕೈಯಲ್ಲಿದ್ದ ದುಡ್ಡು ಮುಗಿದಿರುತ್ತದೆ. "ಗೇಟ್ ಮುಂದಿನ ವೆಲ್ಡಿಂಗ್ ಅಂಗಡಿಯವನಿಗೆ ಹೇಳಿ ನಾಲ್ಕು ಚೌಕಟ್ಟು ಹೊಡೆಸಿದರಾಯಿತು" ಎಂದುಬಿಡುತ್ತಾರೆ. ಅಲ್ಲಿಂದಲೇ ರಿಜೆಕ್ಷನ್ ಶುರು. ಬಾಕ್ಸ್ ಎಂದರೆ ಮರಳು ತುಂಬುವ ಡಬ್ಬಿ ಅಲ್ಲ ತಮ್ಮಾ, ಅದೊಂದು ಅಳತೆಯ ಸಾಧನ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದು.

• ಬೆಳಗಾವಿ ಸೀಮೆಗೆ ಕಬ್ಬಿಣದ ಕೆಲಸ ಹೊಸದೇನಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯ ಸೈಕಲ್ ಅಂಗಡಿಯಿಂದ ಹೊರಟು ಕಬ್ಬಿಣದ ನೇಗಿಲಿನವರೆಗೆ ಬಂದು, 1910ರಲ್ಲಿ ಕಿರ್ಲೋಸ್ಕರವಾಡಿಗೆ ಹೋದವರು. ನೇಗಿಲಿನ ಎರಕದಲ್ಲಿ ಒಂದು ಮಿ.ಮೀ. ಹೆಚ್ಚುಕಡಿಮೆಯಾದರೆ ಎತ್ತಿಗೂ ಗೊತ್ತಾಗುತ್ತಿರಲಿಲ್ಲ. ಈಗ ನೀನು ಮಾಡುವ ಪಂಪ್ ಕೇಸಿಂಗ್, ವಾಲ್ವ್ ಬಾಡಿ, ಬ್ರೇಕ್ ಡ್ರಮ್ಮು ನೆಟ್ಟಗೆ ಸಿಎನ್‌ಸಿ ಫಿಕ್ಸ್ಚರಿಗೆ ಹೋಗಿ ಕೂರುತ್ತವೆ. ಗೋಡೆಯ ದಪ್ಪ 6 ಮಿ.ಮೀ. ಇರಬೇಕಾದಲ್ಲಿ ಮೇಲಿನ ಬಾಕ್ಸ್ ಒಂದು ಮಿ.ಮೀ. ಸರಿದರೆ ಒಂದು ಕಡೆ 5, ಇನ್ನೊಂದು ಕಡೆ 7. ಆ ಮಾಲು ವಾಪಸ್ಸು ಬರುತ್ತದೆ, ಟೆಂಪೋ ಬಾಡಿಗೆಯೂ ನಿನ್ನ ತಲೆಗೇ.

• ಯಾವ ಲೋಹದಲ್ಲಿ ಕಟ್ಟಬೇಕು? ಎರಕದ ಕಬ್ಬಿಣದ ಬಾಕ್ಸ್ ಬಾಗುವುದಿಲ್ಲ, ಅದರುವುದಿಲ್ಲ, ಆದರೆ ಕೈಜಾರಿ ಬಿದ್ದರೆ ಮೂಲೆ ಒಡೆಯುತ್ತದೆ. ಒಡೆದದ್ದನ್ನು ವೆಲ್ಡ್ ಮಾಡಿದರೂ ನಂಬುವಂತಿಲ್ಲ. ಅಲ್ಯೂಮಿನಿಯಂ ಹಗುರ, ಕೈಯಲ್ಲೇ ಎತ್ತಿ ಇಳಿಸುವ ಚಿಕ್ಕ ಬಾಕ್ಸಿಗೆ ಒಳ್ಳೆಯದು. ಕಬ್ಬಿಣದ ರಸ ಒಮ್ಮೆ ಹೊರಗೆ ಹರಿದು ತಾಗಿದರೆ ಮಾತ್ರ ಕರಗಿ ಹೋಗುತ್ತದೆ. ಹೊಸಬನಿಗೆ ನಾನು ಹೇಳುವುದು ಎಂ.ಎಸ್. ಚಾನೆಲ್ ಅಥವಾ ಪ್ಲೇಟಿನ ಫ್ಯಾಬ್ರಿಕೇಟೆಡ್ ಬಾಕ್ಸ್. ಬಾಗಿದರೆ ನೆಟ್ಟಗೆ ಮಾಡಬಹುದು, ಸವೆದರೆ ತುಂಬಬಹುದು, ಪ್ಯಾಟರ್ನ್ ಬದಲಾದರೆ ಒಳಗಿನ ಅಡ್ಡಪಟ್ಟಿ ಕತ್ತರಿಸಿ ಬೇರೆ ಕೂರಿಸಬಹುದು. ಮರದ ಚೌಕಟ್ಟಿನ ಕಾಲ ಮುಗಿಯಿತು. ಹಿತ್ತಾಳೆಯ ಗಂಟೆ ಎರಕ ಹೊಯ್ಯುವವರು ಬೇಕಾದರೆ ಇಟ್ಟುಕೊಳ್ಳಲಿ.

• ಅಳತೆ ಹಿಡಿಯುವಾಗ ಪ್ಯಾಟರ್ನ್ ಒಂದನ್ನೇ ನೋಡಬೇಡ. ಪ್ಯಾಟರ್ನಿನ ಸುತ್ತ ಮಧ್ಯಮ ಗಾತ್ರದ ಎರಕಕ್ಕೆ ಕನಿಷ್ಠ 50 ಮಿ.ಮೀ. ಮರಳು ಬೇಕು, ರನ್ನರ್, ರೈಸರಿಗೆ ಬೇರೆ ಜಾಗ ಬೇಕು. ಹಾಗೆಂದು ದೊಡ್ಡದು ಮಾಡಿದರೆ ಪ್ರತಿ ಅಚ್ಚಿಗೂ ದಂಡದ ಮರಳು ಹೊರುತ್ತೀಯ. 600 ಉದ್ದ, 450 ಅಗಲ, 150 ಎತ್ತರದ ಒಂದು ಬಾಕ್ಸ್ ತೆಗೆದುಕೋ. 150ರ ಚಾನೆಲ್ಲಿನಲ್ಲಿ ಕಟ್ಟಿದರೆ ಬರಿಯ ಚೌಕಟ್ಟೇ ಸುಮಾರು 35 ಕೆ.ಜಿ. ಒಳಗೆ ದಮ್ಮಸು ಮಾಡಿದ ಮರಳು 65 ಕೆ.ಜಿ. ಹತ್ತಿರ. ಎರಡೂ ಸೇರಿ ಒಂದು ಕ್ವಿಂಟಾಲ್. ಇದನ್ನು ಇಬ್ಬರು ಆಳು ದಿನವಿಡೀ ಎತ್ತಿ ತಿರುಗಿಸಲಿ ಎಂದು ಕೂತರೆ ದೀಪಾವಳಿಯೊಳಗೆ ಇಬ್ಬರೂ ಸೊಂಟ ಹಿಡಿದುಕೊಂಡು ಊರಿಗೆ ಹೋಗುತ್ತಾರೆ. ಈ ಅಳತೆಯಿಂದ ಮೇಲಕ್ಕೆ ಹಾಯ್ಸ್ಟ್ ಹಾಕಿಸು, ಇಲ್ಲವೇ ಅಳತೆ ಇಳಿಸು.

• ಗಟ್ಟಿತನ ಏಕೆ ಬೇಕು ಎಂಬುದನ್ನು ಸರಿಯಾಗಿ ತಿಳಿದುಕೋ. ಬಹಳ ಜನ ಬಾಕ್ಸ್ ಮುರಿಯದಿದ್ದರೆ ಸಾಕು ಎಂದುಕೊಳ್ಳುತ್ತಾರೆ. ಮುರಿಯುವುದು ದೊಡ್ಡ ಮಾತು, ಅದು ಉಬ್ಬಲೂಬಾರದು. ಮುಖ್ಯವಾಗಿ ಎಸ್‌ಜಿ ಐರನ್ ಹೊಯ್ಯುವವನಿಗೆ ಇದು ಜೀವಾಳ. ಆ ಕಬ್ಬಿಣ ಗಟ್ಟಿಯಾಗುವಾಗ ಒಳಗೆ ಗ್ರಾಫೈಟ್ ಉಂಡೆಗಟ್ಟಿ ಹಿಗ್ಗುತ್ತದೆ. ಅಚ್ಚಿನ ಗೋಡೆ ಕದಲದೆ ನಿಂತರೆ ಆ ಹಿಗ್ಗುವಿಕೆಯ ಒತ್ತಡ ಒಳಮುಖವಾಗಿ ತಿರುಗಿ, ಕುಗ್ಗಿ ಖಾಲಿಯಾಗುವ ಜಾಗವನ್ನು ತಾನೇ ತುಂಬುತ್ತದೆ. ಗೋಡೆ ಹೊರಕ್ಕೆ ಸರಿದರೆ ಎರಕ ದಪ್ಪವಾಗುತ್ತದೆ, ತೂಕ ಹೆಚ್ಚುತ್ತದೆ, ಒಳಗೆ ಮಾತ್ರ ಸ್ಪಂಜಿನಂತೆ ತೂತು. ಆಗ ಮೆಟಲರ್ಜಿ ಓದಿದವನು ಕಾರ್ಬನ್, ಸಿಲಿಕಾನ್ ಲೆಕ್ಕ ಹಾಕುತ್ತಾನೆ, ರೈಸರ್ ದೊಡ್ಡದು ಮಾಡುತ್ತಾನೆ, ಇನಾಕ್ಯುಲೆಂಟ್ ಬದಲಿಸುತ್ತಾನೆ. ತಪ್ಪು ಕೂತಿರುವುದು 3 ಮಿ.ಮೀ. ಶೀಟಿನಲ್ಲಿ ಕಟ್ಟಿದ ಬಾಕ್ಸಿನಲ್ಲಿ. ಮೇಲೆ ಹೇಳಿದ ಅಳತೆಗೆ ಪ್ಲೇಟ್ ಬಳಸುವುದಾದರೆ 8 ಮಿ.ಮೀ.ಗಿಂತ ಕಡಿಮೆಗೆ ಇಳಿಯಬೇಡ. ಉದ್ದದ ಬದಿಗೆ ಹೊರಗಡೆ ನಡುವೆ ಒಂದು ಪಟ್ಟಿ ಏರಿಸು. ಚಾನೆಲ್ ಆದರೆ ಅದರ ರೆಕ್ಕೆಗಳು ಹೊರಮುಖವಾಗಿರಲಿ. ಬಾಗುವುದನ್ನು ತಡೆಯುತ್ತವೆ, ಕ್ಲ್ಯಾಂಪ್ ಹಿಡಿಯಲು ಅಂಚೂ ಸಿಗುತ್ತದೆ.

• ಚಾನೆಲ್ಲಿನ ರೆಕ್ಕೆ ಹೊರಮುಖವಾದಾಗ ಒಳಮೈ ನುಣ್ಣಗಾಗಿ ಮರಳು ನಿಲ್ಲುವುದಿಲ್ಲ. ಒಳಗೆ, ಜೋಡಣೆಯ ಮುಖದಿಂದ ಸ್ವಲ್ಪ ಒಳಕ್ಕೆ, 10 ಮಿ.ಮೀ. ಚೌಕದ ಸರಳನ್ನು ಸುತ್ತ ವೆಲ್ಡ್ ಮಾಡು. ಮರಳು ಅದರ ಮೇಲೆ ಕೂರುತ್ತದೆ.

• ಗುಜರಿಯಿಂದ ಚಾನೆಲ್ ತರುವುದು ತಪ್ಪಲ್ಲ, ಎಲ್ಲರೂ ತರುತ್ತಾರೆ. ಆದರೆ ಜಿ.ಐ. ಪೈಪು, ಗ್ಯಾಲ್ವನೈಸ್ ಮಾಡಿದ ಪಟ್ಟಿ ಬೇಡವೇ ಬೇಡ. ವೆಲ್ಡ್ ಮಾಡುವಾಗ ಏಳುವ ಸತುವಿನ ಬಿಳಿ ಹೊಗೆ ಕುಡಿದವನಿಗೆ ರಾತ್ರಿ ಚಳಿಜ್ವರ ಗ್ಯಾರಂಟಿ. ಇನ್ನೊಂದು: ಚೌಕದ ಟ್ಯೂಬ್ ಬಳಸಿ ನಾಲ್ಕೂ ಕಡೆ ಮುಚ್ಚಿಬಿಡುವವರಿದ್ದಾರೆ. ಒಳಗೆ ಸಿಕ್ಕಿಬಿದ್ದ ಗಾಳಿ, ತೊಟ್ಟು ನೀರು, ಮೇಲಿಂದ ಬಿಸಿ. ಅದು ಸಿಡಿಯುವ ಸಾಮಾನು. ಟ್ಯೂಬ್ ಬಳಸಲೇಬೇಕಾದರೆ ಪ್ರತಿ ತುಂಡಿಗೂ ಒಂದು ತೂತು ಬಿಡು.

• ಚೌಕಟ್ಟು ಜೋಡಿಸುವಾಗ ಮೂಲೆಮಟ್ಟ ಒಂದನ್ನೇ ನೆಚ್ಚಬೇಡ, ಕರ್ಣ ಅಳೆ. 600ಕ್ಕೆ 450ರ ಬಾಕ್ಸಾದರೆ ಎರಡೂ ಕರ್ಣ 750 ಬರಬೇಕು, ಒಂದು ಕೂದಲೂ ಆಚೀಚೆ ಬೇಡ. ಮೊದಲು ಬರೀ ಟ್ಯಾಕ್ ಹಾಕು, ಮತ್ತೆ ಅಳೆ. ಆಮೇಲೆ ಎದುರುಬದುರು ಮೂಲೆಗೆ ಒಂದೊಂದು ಇಂಚು ಹಾಕುತ್ತಾ ಹೋಗು. ಒಂದೇ ಮೂಲೆಯಲ್ಲಿ ಕೂತು ಮುಗಿಸಿ ಏಳುವ ವೆಲ್ಡರ್ ಎಷ್ಟೇ ಚೆನ್ನಾಗಿ ಹೊಲಿದಿರಲಿ, ಬಾಕ್ಸ್ ಗರಿಬಿಚ್ಚಿ ಕೂತಿರುತ್ತದೆ. ಮೂಲೆಗಳಿಗೆ 7018 ಎಲೆಕ್ಟ್ರೋಡ್, ಒಣಗಿಸಿ ಬಿಸಿಯಾಗಿಟ್ಟದ್ದು.

• ವೆಲ್ಡ್ ಆದ ಕೂಡಲೇ ಶೇಪಿಂಗಿಗೋ ಮಿಲ್ಲಿಂಗಿಗೋ ಕಳಿಸಬೇಡ. ವೆಲ್ಡಿನ ಒಳಸೆಳೆತ ಹಾಗೇ ಇರುತ್ತದೆ. ಇವತ್ತು ಮುಖ ಮಟ್ಟ ಮಾಡಿದರೆ, ಕೆಲವು ಎರಕದ ಬಿಸಿ ತಿಂದ ಮೇಲೆ ಅದು ಹಪ್ಪಳದ ಹಾಗೆ ಏಳುತ್ತದೆ. 600ರಿಂದ 650 ಡಿಗ್ರಿಗೆ ಕಾಯಿಸಿ, ಪ್ರತಿ 25 ಮಿ.ಮೀ. ದಪ್ಪಕ್ಕೆ ಒಂದು ಗಂಟೆಯ ಲೆಕ್ಕದಲ್ಲಿ ಹಿಡಿದು, ಫರ್ನೇಸಿನ ಒಳಗೇ ಆರಲು ಬಿಡಬೇಕು. "ಖರ್ಚು ಜಾಸ್ತಿ ಅಜ್ಜಾ" ಎನ್ನುತ್ತಾರೆ. ಸ್ಟ್ರೆಸ್ ರಿಲೀವಿಂಗ್ ಬಿಟ್ಟು ಕೊಟ್ಟ ಬಾಕ್ಸುಗಳ ರಾಶಿ ನಾನು ಕೆಲಸ ಮಾಡಿದ ಒಂದು ಶಾಪಿನ ಹಿತ್ತಲಲ್ಲಿತ್ತು. ಬಣ್ಣ ಹೊಸದು, ಮುಖ ಮಾತ್ರ ದೋಣಿ. ಕಾಯಿಸುವ ಕೆಲಸ, ಆಮೇಲೆ ಮುಖ ಮಟ್ಟ ಮಾಡುವುದು, ಕಡೆಗೆ ಪಿನ್ನಿನ ತೂತು. ಈ ಕ್ರಮ ತಪ್ಪಕೂಡದು.

• ಮುಖ ಮಟ್ಟವಾಗಿದೆಯೇ ಎಂದು ನೋಡಲು ದೊಡ್ಡ ಸರ್ಫೇಸ್ ಟೇಬಲ್ ಇಲ್ಲದಿದ್ದರೆ ಹೀಗೆ ಮಾಡು. ಸಂಜೆ ಕತ್ತಲಾದ ಮೇಲೆ ಎರಡೂ ಖಾಲಿ ಬಾಕ್ಸ್ ಜೋಡಿಸಿ ಪಿನ್ ಇಳಿಸು. ಒಳಗೆ ಒಂದು ಬಲ್ಬು ಇಟ್ಟು, ಮೇಲೆ ಗೋಣಿ ಮುಚ್ಚಿ, ಸುತ್ತ ಬಗ್ಗಿ ನೋಡು. ಬೆಳಕು ದಾರದಷ್ಟು ಸಣ್ಣಗೆ ಕಂಡ ಜಾಗಕ್ಕೆ ಚಾಕ್‌ನಲ್ಲಿ ಗುರುತು ಹಾಕು. ಫೀಲರ್ ಗೇಜ್ ತೂರಿಸಿದರೆ ಎಷ್ಟೆಂದು ಗೊತ್ತಾಗುತ್ತದೆ. ಬೆಳಕು ಬರುವ ಸಂದಿಯಲ್ಲಿ ನಾಳೆ 1,350 ಡಿಗ್ರಿಯ ಕಬ್ಬಿಣವೂ ಬಂದೀತು.

• ಈಗ ಪಿನ್ನು, ಬುಷ್ಷು. ಒಂದು ಕಡೆ ದುಂಡು ತೂತಿನ ಬುಷ್, ಇನ್ನೊಂದು ಕಡೆ ಉದ್ದನೆಯ ಸ್ಲಾಟಿನ ಬುಷ್. ಎರಡೂ ಕಡೆ ದುಂಡು ಹಾಕಿಸುವ ಬುದ್ಧಿವಂತರನ್ನು ಬೇಕಾದಷ್ಟು ನೋಡಿದ್ದೇನೆ. ಲೆಕ್ಕ ಸಣ್ಣದು. ಪಿನ್ನಿಂದ ಪಿನ್ನಿಗೆ 700 ಮಿ.ಮೀ. ಇದೆ ಎನ್ನು. ಕೆಳಗಿನ ಬಾಕ್ಸ್ ಈಗಷ್ಟೇ ಎರಕ ಬಿಚ್ಚಿ ಬಂದದ್ದು, ಮೇಲಿನದಕ್ಕಿಂತ 50 ಡಿಗ್ರಿ ಬಿಸಿ. ಉಕ್ಕು ಒಂದು ಮೀಟರಿಗೆ ಒಂದು ಡಿಗ್ರಿಗೆ ಸುಮಾರು 12 ಮೈಕ್ರಾನ್ ಬೆಳೆಯುತ್ತದೆ. ಅಂದರೆ 0.42 ಮಿ.ಮೀ. ವ್ಯತ್ಯಾಸ. ಬುಷ್ಷಿನಲ್ಲಿ ನೀನು ಬಿಟ್ಟಿರುವ ಸಡಿಲ 0.2. ಬಾಕ್ಸ್ ಇಳಿಯುವುದಿಲ್ಲ, ಹುಡುಗ ಸುತ್ತಿಗೆ ಎತ್ತುತ್ತಾನೆ, ಒಳಗೆ ಮರಳು ಉದುರುತ್ತದೆ, ಎರಕದಲ್ಲಿ ಕಪ್ಪು ಚುಕ್ಕೆ. ಸ್ಲಾಟ್ ಇದ್ದರೆ ಉದ್ದಕ್ಕೆ ಜಾಗ ಸಿಗುತ್ತದೆ, ಅಡ್ಡಕ್ಕೆ ಮಾತ್ರ ಬಿಗಿ.

• ಪಿನ್ನೂ ಬುಷ್ಷೂ ಹಾರ್ಡನ್ ಆಗಿರಲಿ, ಪ್ರೆಸ್ ಮಾಡಿ ಕೂರಿಸಿರಲಿ, ಸವೆದಾಗ ಹೊಡೆದು ತೆಗೆಯುವಂತಿರಲಿ. ಲಗ್ಗಿನಲ್ಲೇ ನೇರವಾಗಿ ತೂತು ಕೊರೆದು ಬಿಟ್ಟರೆ ಮರಳಿನ ಕಣ ಅದನ್ನು ತಿನ್ನುತ್ತದೆ. ಆಮೇಲೆ ಲಗ್ಗನ್ನೇ ಕತ್ತರಿಸಬೇಕು. ಮೇಲಿನ ಬಾಕ್ಸನ್ನು ಯಾರೂ ತಿರುಗುಮುರುಗಾಗಿ ಕೂರಿಸಬಾರದು, ಅದಕ್ಕಾಗಿ ಒಂದು ಕಡೆಯ ಪಿನ್ನನ್ನು ನಡುಗೆರೆಯಿಂದ ಸ್ವಲ್ಪ ಪಕ್ಕಕ್ಕೆ ಇಡು. ರಾತ್ರಿ ಪಾಳಿಯವನಿಗೂ ತಪ್ಪು ಮಾಡಲು ಆಗದು.

• ಎಲ್ಲಕ್ಕಿಂತ ಮೊದಲು ಒಂದು ಡ್ರಿಲ್ ಜಿಗ್ ಮಾಡಿಸು. ದಪ್ಪ ಪ್ಲೇಟು, ಅದರಲ್ಲಿ ಹಾರ್ಡನ್ ಮಾಡಿದ ಎರಡು ಬುಷ್. ಎಲ್ಲ ಬಾಕ್ಸಿನ ತೂತೂ, ಪ್ಯಾಟರ್ನ್ ಪ್ಲೇಟಿನ ತೂತೂ ಅದರಿಂದಲೇ. ಜಿಗ್ ಇಲ್ಲದೆ ಜೋಡಿ ಜೋಡಿಯಾಗಿ ಕೊರೆದರೆ ಒಂದನೇ ನಂಬರಿನ ಮೇಲಿನದು ಒಂದನೇ ನಂಬರಿನ ಕೆಳಗಿನದಕ್ಕೇ ಆಗಬೇಕು. ಶಾಪಿನಲ್ಲಿ ಇಡೀ ದಿನ ಜೋಡಿ ಹುಡುಕುವುದೇ ಕೆಲಸ. ಜಿಗ್ಗನ್ನು ಬೀಗ ಹಾಕಿ ಇಡು. ಅದರ ಮೇಲೆ ಟೀ ಲೋಟ ಇಡುವವನಿಗೂ ಬಯ್ಯಿ.

• ಮೇಲಿನ ಬಾಕ್ಸಿಗೆ ಒಳಗೆ ಅಡ್ಡಪಟ್ಟಿ ಬೇಕು, 150ರಿಂದ 200 ಮಿ.ಮೀ.ಗೆ ಒಂದರಂತೆ. ಇಲ್ಲದಿದ್ದರೆ ಎತ್ತಿ ತಿರುಗಿಸುವಾಗ ನಡುವಿನ ಮರಳು ಧೊಪ್ಪನೆ ಕೆಳಗೆ. ಪಟ್ಟಿಯ ಕೆಳ ಅಂಚು ಪ್ಯಾಟರ್ನಿಗೆ ತಾಗಬಾರದು, ಕನಿಷ್ಠ 20 ಮಿ.ಮೀ. ಮರಳು ನಡುವೆ ಇರಲಿ, ಅಂಚು ಚೂಪಾಗಿರಲಿ. ರೈಸರ್ ಬರುವ ಜಾಗದಲ್ಲಿ ಪಟ್ಟಿ ಹಾಕಿ ಆಮೇಲೆ ಗ್ಯಾಸಿನಲ್ಲಿ ಕತ್ತರಿಸುವುದು ನಮ್ಮಲ್ಲಿ ಮಾಮೂಲು. ಪ್ಯಾಟರ್ನ್ ಡ್ರಾಯಿಂಗ್ ಮುಂದಿಟ್ಟುಕೊಂಡು ಕಟ್ಟಿದರೆ ಆ ಪಾಡಿಲ್ಲ. ಬದಿಗೋಡೆಗಳಿಗೆ 8, 10 ಮಿ.ಮೀ. ತೂತುಗಳನ್ನೂ ಬಿಡು, ಉಗಿ ಹೊರಗೆ ಹೋಗಲಿ.

• ಕಬ್ಬಿಣದ ರಸ ಮೇಲಿನ ಬಾಕ್ಸನ್ನು ಎತ್ತುತ್ತದೆ ಎಂದರೆ ಹೊಸಬರು ನಗುತ್ತಾರೆ. ಒಂದು ಕ್ವಿಂಟಾಲ್ ಭಾರ ಹೇಗೆ ಎದ್ದೀತು? ಲೆಕ್ಕ ಮಾಡು. ಎರಕದ ಮೇಲ್ಮೈ 35 ಸೆಂ.ಮೀ.ಗೆ 30 ಸೆಂ.ಮೀ., ಅಂದರೆ 1,050 ಚದರ ಸೆಂ.ಮೀ. ಅದರ ಮೇಲೆ ರಸದ ಎತ್ತರ 15 ಸೆಂ.ಮೀ. ರಸದ ಸಾಂದ್ರತೆ ಘನ ಸೆಂ.ಮೀ.ಗೆ ಸುಮಾರು 7 ಗ್ರಾಂ. ಗುಣಿಸಿದರೆ 110 ಕೆ.ಜಿ. ಮೇಲ್ಮುಖ ಒತ್ತಡ. ನಿನ್ನ ಬಾಕ್ಸೂ ಮರಳೂ ಸೇರಿ 100. ಸುರಿಯುವ ಬಟ್ಟಲನ್ನು ಇನ್ನೂ 10 ಸೆಂ.ಮೀ. ಏರಿಸಿದೆಯೋ, ಒತ್ತಡ 180 ದಾಟುತ್ತದೆ. ಒಳಗೆ ಕೋರ್ ಇದ್ದರೆ ಅದೂ ತೇಲಲು ನೋಡುತ್ತದೆ, ಲೀಟರಿಗೆ ಐದು ಕೆ.ಜಿ.ಗೂ ಮೇಲೆ. ಹಾಗಾಗಿ ಬಂದ ಲೆಕ್ಕದ ಒಂದೂವರೆ ಪಟ್ಟು ತಡೆಯುವಷ್ಟು ಕ್ಲ್ಯಾಂಪೋ ತೂಕವೋ ಇರಲೇಬೇಕು. ಕ್ಲ್ಯಾಂಪ್ ಹಿಡಿಯುವ ಲಗ್ಗುಗಳನ್ನು ಬಾಕ್ಸ್ ಕಟ್ಟುವಾಗಲೇ ಹಾಕು. ಆಮೇಲೆ ಮೇಲೆ ಕಲ್ಲು, ಹಳೇ ಫ್ಲೈವೀಲು ಪೇರಿಸುವ ಸರ್ಕಸ್ಸು ಬೇಡ.

• ಕ್ರೇನಿಗೆ ಸಿಕ್ಕಿಸುವ ಟ್ರನಿಯನ್ ವಿಷಯದಲ್ಲಿ ಯಾರ ಮಾತನ್ನೂ ಕೇಳಬೇಡ, ನನ್ನದೊಂದು ಬಿಟ್ಟು. ದುಂಡು ಸರಳನ್ನು ಗೋಡೆಯ ಮೇಲೆ ನಿಲ್ಲಿಸಿ ಸುತ್ತ ಬರೀ ಒಂದು ವೆಲ್ಡ್ ಎಳೆದರೆ ಅದು ಕೊಲೆಗೆ ಸಮ. ಸರಳು ಗೋಡೆಯ ಮೂಲಕ ಒಳಗೆ ಹಾಯಬೇಕು, ಒಳಗೆ ಹೊರಗೆ ಎರಡೂ ಕಡೆ ವೆಲ್ಡ್, ಗೋಡೆಗೆ ಹೆಚ್ಚುವರಿ ದಪ್ಪ ಪ್ಲೇಟು, ಹಗ್ಗ ಜಾರದಂತೆ ತುದಿಗೆ ಕಾಲರ್. ವೆಲ್ಡ್ ಕಿತ್ತು ಬರುವ ಮೊದಲು ಅದರ ಮೇಲಿನ ಬಣ್ಣ ಕೂದಲೆಳೆಯಂತೆ ಸೀಳುತ್ತದೆ, ಆ ಸೀಳಿನಿಂದ ಕೆಂಪು ತುಕ್ಕಿನ ಪುಡಿ ಇಳಿದಿರುತ್ತದೆ. ಅದು ಕಂಡ ದಿನವೇ ಬಾಕ್ಸನ್ನು ಪಕ್ಕಕ್ಕೆ ಹಾಕು. ತುಂಬಿದ ಬಾಕ್ಸಿನ ಕೆಳಗೆ ಕೈ ಹಾಕಿ ಒರೆಸುವ ಹುಡುಗನಿಗೆ ಮೊದಲು ಕೆಳಗೆ ಸ್ಟ್ಯಾಂಡ್ ಇಡಲು ಕಲಿಸು.

• ಎರಕ ಬಿಚ್ಚುವಾಗ ಗೋಡೆಗೆ ಸುತ್ತಿಗೆ ಹೊಡೆಯಗೊಡಬೇಡ. ಶೇಕ್‌ಔಟ್ ಇಲ್ಲದಿದ್ದರೆ ಹೊಡೆಯಲೆಂದೇ ಮೂಲೆಯಲ್ಲಿ ಒಂದು ದಪ್ಪ ತುಂಡು ವೆಲ್ಡ್ ಮಾಡಿ ಬಿಡು, ಅಲ್ಲಿಗೇ ಬಾರಿಸಲಿ. ಬಾಕ್ಸುಗಳನ್ನು ಮಳೆಗೆ ಹೊರಗೆ ಬಿಟ್ಟರೆ ತುಕ್ಕಿನ ಪದರದಲ್ಲಿ ತೇವ ಕೂತಿರುತ್ತದೆ. ತೇವಕ್ಕೂ ಕರಗಿದ ಲೋಹಕ್ಕೂ ಆಗಿಬರುವುದಿಲ್ಲ ಎಂದು ನಿನಗೆ ಹೇಳಬೇಕಾಗಿಲ್ಲ. ಅಚ್ಚು ಸಾಲಾಗಿ ಇಡುವ ನೆಲ ಬರೀ ಕಾಂಕ್ರೀಟ್ ಆಗಿದ್ದರೆ ಮೇಲೆ ಒಣ ಮರಳು ಹರಡು.

• ಪ್ರತಿ ಬಾಕ್ಸಿಗೂ ನಂಬರನ್ನು ಪಂಚ್‌ನಲ್ಲಿ ಹೊಡೆ, ಬಣ್ಣದಲ್ಲಿ ಬರೆದದ್ದು ಒಂದು ವಾರವೂ ನಿಲ್ಲದು. ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟು ಪಿನ್ ಬದಲಿಸಿದ ದಿನ, ಬುಷ್ಷಿನ ಸಡಿಲ, ಮುಖ ನೋಡಿದ ದಿನ ಬರೆದಿಡು. ಗೋ ಮತ್ತು ನೋ-ಗೋ ಗೇಜ್ ಒಂದು ಜೊತೆ ಮೋಲ್ಡರ್ ಕೈಗೇ ಸಿಗುವಂತೆ ಗೋಡೆಗೆ ತೂಗುಹಾಕು. ಸಡಿಲ 0.5 ದಾಟಿದ ಬುಷ್ ಅಂದೇ ಹೊರಗೆ. ಬದಲಿ ಬುಷ್ಷುಗಳು ಸ್ಟೋರಿನಲ್ಲಿ ಇರುವಂತೆ ನೋಡಿಕೋ. ಆರ್ಡರ್ ಕೊಟ್ಟು ತರಿಸುವಷ್ಟರಲ್ಲಿ ನಿನ್ನ ಮೇಸ್ತ್ರಿ ಸವೆದದ್ದಕ್ಕೆ ತಗಡು ಸುತ್ತಿ ನಡೆಸಿಬಿಟ್ಟಿರುತ್ತಾನೆ.