ಅಂಗಾಲಿನ ನರೂಲಿಗೆ ಶೀತ ಚಿಕಿತ್ಸೆ: ಹೋಟೆಲು ಮಾಲೀಕರು ತಿಳಿದಿರಬೇಕಾದದ್ದು

ನಮ್ಮ ಉದ್ಯಮ ನಡೆಯುವುದೇ ನಿಂತು ಕೆಲಸ ಮಾಡುವವರಿಂದ. ದೋಸೆ ಕಾವಲಿಯ ಮುಂದಿನ ಭಟ್ಟರಿಂದ ಹಿಡಿದು ಸಪ್ಲೈಯರ್, ಕ್ಲೀನರ್ ತನಕ ಎಲ್ಲರದೂ ಕಾಲಿನ ದುಡಿಮೆ. ಅವರಲ್ಲೊಬ್ಬರು ಕುಂಟತೊಡಗಿದರೆ "ಆಣಿ ಇರಬೇಕು, ಬ್ಲೇಡಿನಿಂದ ತೆಗೆದರಾಯಿತು" ಎಂಬ ಮಾತು ಅಡುಗೆಮನೆಯಲ್ಲಿ ಕೇಳಿಬರುತ್ತದೆ. ಅದು ಆಣಿಯಾಗಿರದೆ ನರೂಲಿಯಾಗಿದ್ದರೆ ಬ್ಲೇಡಿನಿಂದ ರೋಗ ಹರಡುತ್ತದೆ.

ಗುರುತಿಸುವುದು ಹೇಗೆ?

ಆಣಿ ಬರುವುದು ಒತ್ತಡ ಮತ್ತು ಉಜ್ಜುವಿಕೆಯಿಂದ, ಅದು ಅಂಟುವುದಿಲ್ಲ. ನರೂಲಿ ಬರುವುದು ಎಚ್.ಪಿ.ವಿ. ಎಂಬ ವೈರಸ್ಸಿನಿಂದ. ನರೂಲಿಯ ಮೇಲೆ ಚರ್ಮದ ಗೆರೆಗಳು ತುಂಡಾಗಿರುತ್ತವೆ, ಒಳಗೆ ಸಣ್ಣ ಕಪ್ಪು ಚುಕ್ಕೆಗಳು ಕಾಣಬಹುದು. ಆಣಿಯನ್ನು ನೇರವಾಗಿ ಒತ್ತಿದರೆ ನೋವು ಹೆಚ್ಚು. ನರೂಲಿಯನ್ನು ಎರಡೂ ಬದಿಯಿಂದ ಹಿಂಡಿದರೆ ನೋವು ಹೆಚ್ಚು. ಖಚಿತವಾಗಿ ಹೇಳಬೇಕಾದವರು ಚರ್ಮರೋಗ ತಜ್ಞರೇ.

ಶೀತ ಚಿಕಿತ್ಸೆ ಎಂದರೇನು?

ಇದಕ್ಕೆ ಕ್ರಯೋಥೆರಪಿ ಎಂದು ಹೆಸರು. ದ್ರವರೂಪದ ನೈಟ್ರೋಜನ್ನಿನ ಉಷ್ಣತೆ ಶೂನ್ಯಕ್ಕಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗೆ. ವೈದ್ಯರು ದಪ್ಪ ಚರ್ಮವನ್ನು ಸವರಿ ತೆಗೆದು, ಕೆಲವು ಸೆಕೆಂಡುಗಳ ಕಾಲ ಇದನ್ನು ಸಿಂಪಡಿಸುತ್ತಾರೆ. ರೋಗ ತಗಲಿದ ಚರ್ಮ ಹೆಪ್ಪುಗಟ್ಟಿ ಸಾಯುತ್ತದೆ. ಒಂದೆರಡು ದಿನ ನೋವಿದ್ದು, ಗುಳ್ಳೆ ಏಳಬಹುದು. ಗುಳ್ಳೆಯನ್ನು ಒಡೆಯಬಾರದು.

ಒಂದೇ ಸಲಕ್ಕೆ ಗುಣವಾಗುವುದು ಅಪರೂಪ. ಸಾಮಾನ್ಯವಾಗಿ ಎರಡು ಮೂರು ವಾರಗಳ ಅಂತರದಲ್ಲಿ ಹಲವು ಸಲ ಹೋಗಬೇಕಾಗುತ್ತದೆ.

ಇದೇ ಶ್ರೇಷ್ಠವೇ?

ಹಾಗೆ ಹೇಳಲಾಗದು. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ 240 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೀತ ಚಿಕಿತ್ಸೆಯನ್ನೂ, ರೋಗಿಗಳೇ ದಿನವೂ ಹಚ್ಚಿಕೊಳ್ಳುವ ಶೇ. 50ರ ಸ್ಯಾಲಿಸಿಲಿಕ್ ಆಸಿಡ್ ಔಷಧವನ್ನೂ ಹೋಲಿಸಿ ನೋಡಿದರು. 12 ವಾರಗಳ ನಂತರ ಎರಡೂ ಗುಂಪಿನಲ್ಲಿ ಪೂರ್ತಿ ಗುಣವಾದವರು ಸುಮಾರು ಶೇ. 14 ಮಾತ್ರ. ಆದ್ದರಿಂದ ಹೆಚ್ಚು ಖರ್ಚಿನ ಚಿಕಿತ್ಸೆಯೇ ಹೆಚ್ಚು ಫಲ ಕೊಡುತ್ತದೆ ಎಂದು ಭಾವಿಸಬೇಕಿಲ್ಲ. ಯಾವುದನ್ನು ಆರಿಸಿದರೂ ತಿಂಗಳುಗಟ್ಟಲೆ ತಾಳ್ಮೆ ಬೇಕು.

ಸಕ್ಕರೆ ಕಾಯಿಲೆ ಇರುವವರು, ಕಾಲು ಜೋಮು ಹಿಡಿಯುವವರು ವೈದ್ಯರನ್ನು ಕೇಳದೆ ಈ ಎರಡರಲ್ಲಿ ಯಾವುದಕ್ಕೂ ಕೈ ಹಾಕಬಾರದು. ಅಂಥವರ ಕಾಲಿನ ಸಣ್ಣ ಗಾಯವೂ ದೊಡ್ಡದಾಗಬಹುದು. ಗಲ್ಲಾದಲ್ಲಿ ಕೂರುವ ನಮಗೂ ಈ ಮಾತು ಅನ್ವಯಿಸುತ್ತದೆ.

ಮಾಲೀಕರು ಮಾಡಬೇಕಾದದ್ದು

1. ವಾರದ ರಜೆಯ ಹಿಂದಿನ ಸಂಜೆ ಚಿಕಿತ್ಸೆಗೆ ಕಳುಹಿಸಿದರೆ ನೋವಿನ ದಿನ ವಿಶ್ರಾಂತಿ ಸಿಗುತ್ತದೆ. ಮರುದಿನವೂ ನೋವಿದ್ದರೆ ತರಕಾರಿ ಹೆಚ್ಚುವಂಥ ಕೂತು ಮಾಡುವ ಕೆಲಸ ಕೊಡಬಹುದು.

2. ಕೆಲಸಗಾರರ ಕೋಣೆಯ ಬಚ್ಚಲಿಗೆ ಪ್ರತಿಯೊಬ್ಬರಿಗೂ ಬೇರೆ ಬೇರೆ ರಬ್ಬರ್ ಚಪ್ಪಲಿ ಇರಲಿ. ಟವೆಲ್, ಕಾಲುಚೀಲ, ಬ್ಲೇಡ್ ಹಂಚಿಕೊಳ್ಳಬಾರದು. ವೈರಸ್ ಒದ್ದೆ ನೆಲದಲ್ಲಿ ಬರಿಗಾಲಿಗೆ ಸುಲಭವಾಗಿ ಅಂಟುತ್ತದೆ.

3. ಪಾತ್ರೆ ತೊಳೆಯುವವರಿಗೆ ನೀರು ಒಳಹೋಗದ ಬೂಟು ಕೊಡಿಸಿ. ಒದ್ದೆಯಾದ ಕಾಲುಚೀಲ ಬದಲಿಸಲು ಬಿಡುವು ಕೊಡಿ.

4. ಆಹಾರ ಸುರಕ್ಷತಾ ನಿಯಮದಂತೆ ವರ್ಷಕ್ಕೊಮ್ಮೆ ನಡೆಸಬೇಕಾದ ಆರೋಗ್ಯ ತಪಾಸಣೆಯಲ್ಲಿ ಚರ್ಮದ ಪರೀಕ್ಷೆಯೂ ಸೇರಿದೆ. ಆಗ ಅಂಗಾಲನ್ನೂ ತೋರಿಸಲು ಹೇಳಿ.

ಅಂಗಾಲಿನ ನರೂಲಿ ಆಹಾರದ ಮೂಲಕ ಗಿರಾಕಿಗಳಿಗೆ ಹರಡುವ ರೋಗವಲ್ಲ. ಇದಕ್ಕಾಗಿ ಯಾರನ್ನೂ ಕೆಲಸದಿಂದ ಬಿಡಿಸುವ ಕಾರಣವಿಲ್ಲ. ಸಂಬಳ ಕಡಿತವಾದೀತೆಂಬ ಭಯವಿದ್ದರೆ ಹುಡುಗರು ನೋವನ್ನು ಮುಚ್ಚಿಡುತ್ತಾರೆ, ಅಷ್ಟರಲ್ಲಿ ಕೋಣೆಯ ನಾಲ್ವರಿಗೆ ಹರಡಿರುತ್ತದೆ. ಮೊದಲ ಭೇಟಿಯ ಹಣ ಕೊಟ್ಟು ಕೈತೊಳೆದುಕೊಂಡರೆ ಚಿಕಿತ್ಸೆ ಅರ್ಧಕ್ಕೆ ನಿಲ್ಲುತ್ತದೆ. ಕೊನೆಯ ಭೇಟಿಯವರೆಗೆ ರಜೆಯನ್ನೂ ಖರ್ಚನ್ನೂ ಮೊದಲೇ ಲೆಕ್ಕ ಹಾಕಿ ಒಪ್ಪಿಕೊಳ್ಳುವುದೇ ಸರಿಯಾದ ಕ್ರಮ.