ಏಣು ಹತ್ತುವ ಮೊಮ್ಮಕ್ಕಳಿಗೆ

ಎತ್ತಿನ ಭುಜ, ಶೇಷಪರ್ವತ ಎಂದು ರಜೆ ಸಿಕ್ಕಾಗಲೆಲ್ಲ ಚೀಲ ಹೆಗಲಿಗೇರಿಸುವವರಿಗೆ ಈ ನಾಲ್ಕು ಮಾತು. ಹಿಮನದಿಗಳು ಎರಡೂ ಮಗ್ಗುಲು ಕೊರೆದು ಉಳಿಸಿದ ಚೂಪು ಬಂಡೆಸಾಲಿಗೆ ಆಲ್ಪ್ಸ್ ಕಡೆ ‘ಅರೆಟ್’ ಎನ್ನುತ್ತಾರೆ. ನಮ್ಮ ಘಟ್ಟದ ಏಣುಗಳನ್ನು ಕೊರೆದದ್ದು ಮಳೆ, ಹಳ್ಳಗಳು. ಬೀಳುವವನಿಗೆ ಎರಡೂ ಒಂದೇ.

• ಹೊರಡುವ ಮೊದಲೇ ತಿರುಗಿ ಬರುವ ಹೊತ್ತನ್ನು ಗೊತ್ತುಮಾಡಿಕೊಳ್ಳಿ. 1865ರ ಜುಲೈ 14ರಂದು ಆಲ್ಪ್ಸ್‌ನಲ್ಲಿ ಏಳು ಜನ ಹಾರ್ನ್ಲಿ ಏಣು ಹಿಡಿದು ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲ ಬಾರಿಗೆ ಮುಟ್ಟಿದರು. ಇಳಿಯುವಾಗ ಒಬ್ಬ ಜಾರಿದ, ಹಗ್ಗ ತುಂಡಾಯಿತು, ನಾಲ್ವರು ಸತ್ತರು. ಹತ್ತುವಾಗ ಕಣ್ಣು ಮುಂದಿನ ಬಂಡೆಯ ಮೇಲಿರುತ್ತದೆ. ಇಳಿಯುವಾಗ ಕಣಿವೆಯೇ ಕಾಣುತ್ತದೆ, ಅಷ್ಟರಲ್ಲಿ ಮೊಣಕಾಲೂ ಸೋತಿರುತ್ತದೆ. ಹೊತ್ತು ಮೀರಿತೋ, ತುದಿ ಕೂಗಳತೆಯಲ್ಲಿದ್ದರೂ ಹಿಂದಿರುಗಿ.

• ಹುಲ್ಲನ್ನು ನಂಬಬೇಡಿ. ಮಳೆಗಾಲ ಮುಗಿಯುತ್ತಲೇ ಆಳೆತ್ತರದ ಹುಲ್ಲು ಅಂಚಿನಾಚೆಗೂ ಬಾಗಿ, ನೆಲವೇ ಇಲ್ಲದಲ್ಲಿ ನೆಲವಿದ್ದಂತೆ ತೋರುತ್ತದೆ. ಫೆಬ್ರವರಿ ದಾಟಿದ ಮೇಲೆ ಅದೇ ಹುಲ್ಲು ಒಣಗಿ, ಎಣ್ಣೆ ಸವರಿದ ಹಲಗೆಯಂತೆ ಜಾರುತ್ತದೆ. ಹಿಡಿಯಲು ಬಂಡೆಯೇ ಬೇಕು, ಅದನ್ನೂ ಮೊದಲು ಅಲುಗಿಸಿ ನೋಡಿ.

• ಪಡುವಣ ಗಾಳಿ ಜೋರಾಗಿದ್ದರೆ ಅದಕ್ಕೆ ಎದುರಾಗಿ ಮೈ ವಾಲಿಸಿ ನಡೆಯಬೇಡಿ. ಗಾಳಿ ತಟ್ಟನೆ ನಿಂತಾಗ ವಾಲಿದ ಮೈ ಪ್ರಪಾತದ ಕಡೆಗೇ ಹೋಗುತ್ತದೆ. ಬಗ್ಗಿ, ಅಗತ್ಯವಿದ್ದರೆ ಕೂತು, ಕೈಯೂರಿ ದಾಟಿ. ನಗುವವರು ನಗಲಿ.

• ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನಕ್ಕೆ ಮುಂಚೆ ಏಣಿನಿಂದ ಕೆಳಗಿರಿ. ಗುಡುಗು ಕೇಳಿಸಿದರೆ ಸಿಡಿಲು ನಿಮ್ಮನ್ನೂ ಮುಟ್ಟಬಹುದು ಎಂದೇ ಲೆಕ್ಕ. ಒಂಟಿ ಮರ, ಬಂಡೆಯ ಸಣ್ಣ ಗವಿ ಎರಡೂ ಆಸರೆಯಲ್ಲ. ತಗ್ಗಿಗೆ ಇಳಿಯಿರಿ, ಒಬ್ಬರಿಂದೊಬ್ಬರು ದೂರವಿರಿ.

• ಫೋಟೊಕ್ಕೆಂದು ಹಿಂದಕ್ಕೆ ಹೆಜ್ಜೆ ಇಡಬೇಡಿ. ಇದಕ್ಕೆ ವಿವರಣೆ ಬೇಕೆ?

• ಬಂಡೆಯ ಕೆಳಮಗ್ಗುಲಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಬೆಂಕಿ, ಹೊಗೆ, ಕೂಗಾಟ, ಸೆಂಟು ಯಾವುದೂ ಬೇಡ. ಅಗಲ ನೆಲದಲ್ಲಾದರೆ ಜೇನು ಎದ್ದಾಗ ಓಡಬಹುದು. ಏಣಿನ ಮೇಲೆ ಓಡುವುದೆಲ್ಲಿಗೆ?

• ಬಂಡೆಗೆ ಪಾಚಿ ಹಿಡಿದ ಮಳೆಗಾಲದಲ್ಲಿ ಹೋಗಲೇಬೇಡಿ. ಉಳಿದ ದಿನಗಳಲ್ಲೂ ಅರಣ್ಯ ಇಲಾಖೆಯ ಅನುಮತಿ ಕೇಳಿಯೇ ಹೊರಡಿ. ಉದಾಹರಣೆಗೆ, ಕುಮಾರಪರ್ವತವಿರುವುದು ಪುಷ್ಪಗಿರಿ ವನ್ಯಧಾಮದೊಳಗೆ. ಯಾವ ದಾರಿಯಲ್ಲಿ ಹತ್ತುತ್ತೀರಿ, ಯಾವ ದಾರಿಯಲ್ಲಿ ಇಳಿಯುತ್ತೀರಿ ಎಂಬುದನ್ನು ಮನೆಯಲ್ಲಿ ಬರೆದಿಟ್ಟು ಹೋಗಿ. ಕುಕ್ಕೆ ಕಡೆಯಿಂದ ಹತ್ತಿ ಸೋಮವಾರಪೇಟೆ ಕಡೆ ಇಳಿದರೆ ಹುಡುಕುವವರು ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಅಲೆಯುತ್ತಿರುತ್ತಾರೆ.