ಡಯಾಲಿಸಿಸ್ ಮಾಡಿಸಿಕೊಳ್ಳುವ ಹಿರಿಯರಿಗೆ ಮನೆಯವರ ಆಸರೆ



ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ನಮ್ಮ ಕರಣಕೋಟ, ತಾಂಡೂರು ಕಡೆಯ ರೈತ ಮನೆಗಳಿಗೆ ಹೊಸತಲ್ಲ. ಇವು ವರ್ಷಗಟ್ಟಲೆ ಹತೋಟಿ ತಪ್ಪಿದರೆ ಮೂತ್ರಪಿಂಡಗಳು ಸೋಲುತ್ತವೆ. ಆಗ ರಕ್ತವನ್ನು ಯಂತ್ರದಿಂದ ಶುದ್ಧಿ ಮಾಡಿಸಬೇಕಾಗುತ್ತದೆ. ನೆದರ್ಲೆಂಡ್ಸ್ ದೇಶದ ವೈದ್ಯ ವಿಲೆಮ್ ಕೋಲ್ಫ್ ಮಹಾಯುದ್ಧದ ದಿನಗಳಲ್ಲಿ ಈ ಯಂತ್ರವನ್ನು ರೂಪಿಸಿದರು. 1945ರಲ್ಲಿ ಅದರಿಂದ ಮೊದಲು ಬದುಕಿ ಉಳಿದವರು 67 ವರ್ಷದ ಒಬ್ಬ ಮಹಿಳೆ. ಮುಪ್ಪಿನವರಿಗೆ ಈ ಚಿಕಿತ್ಸೆ ವ್ಯರ್ಥವೆಂದು ಯಾರೂ ತಿಳಿಯಬಾರದು.

ಆದರೂ ಒಂದು ಸಂಗತಿ ನೆನಪಿರಲಿ. ಆರೋಗ್ಯವಂತರ ಮೂತ್ರಪಿಂಡ ವಾರದ 168 ತಾಸೂ ದುಡಿಯುತ್ತದೆ. ಯಂತ್ರ ದುಡಿಯುವುದು ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ನಾಲ್ಕು ತಾಸಿನಂತೆ, ಒಟ್ಟು 12 ತಾಸು ಮಾತ್ರ. ಉಳಿದ ಹೊತ್ತಿನಲ್ಲಿ ಸೇರಿಕೊಳ್ಳುವ ನೀರು ಮತ್ತು ಕಶ್ಮಲಗಳಿಂದಲೇ ಹೆಚ್ಚಿನ ತೊಂದರೆಗಳು ಹುಟ್ಟುತ್ತವೆ. ಅವುಗಳಲ್ಲಿ ಹಲವನ್ನು ಮನೆಯವರು ಕಡಿಮೆ ಮಾಡಬಹುದು.

1. ಬಾಯಾರಿಕೆ ಮತ್ತು ಬಾವು

ನೀರಡಿಕೆಯ ಮೂಲ ಉಪ್ಪು. ಉಪ್ಪಿನಕಾಯಿ, ಹಪ್ಪಳ, ಅಂಗಡಿಯ ಖಾರಾ ತಿನಿಸು ತಿಂದವರಿಗೆ ನೀರು ಬೇಡವೆನ್ನುವುದು ನ್ಯಾಯವಲ್ಲ. ಮೊದಲು ಉಪ್ಪು ಕಡಿಮೆ ಮಾಡಿರಿ. ದಿನವೊಂದಕ್ಕೆ ಎಷ್ಟು ನೀರು ಎಂಬುದನ್ನು ವೈದ್ಯರು ಹೇಳುತ್ತಾರೆ. ಸಾಮಾನ್ಯ ಲೆಕ್ಕವೆಂದರೆ ಹಿಂದಿನ ದಿನ ಹೋದ ಮೂತ್ರದಷ್ಟು, ಜೊತೆಗೆ ಅರ್ಧ ಲೀಟರು. ಚಹಾ, ಮಜ್ಜಿಗೆ, ಸಾರು, ಗಂಜಿ ಎಲ್ಲವೂ ಈ ಲೆಕ್ಕಕ್ಕೆ ಸೇರಿವೆ. ಬೆಳಿಗ್ಗೆಯೇ ಅಷ್ಟು ನೀರನ್ನು ಒಂದು ಬಾಟಲಿಯಲ್ಲಿ ತುಂಬಿಟ್ಟು ಸಣ್ಣ ಲೋಟದಲ್ಲಿ ಕೊಡಿರಿ. ಬಾಯಿ ಮುಕ್ಕಳಿಸಿ ಉಗುಳುವುದರಿಂದಲೂ ಸಮಾಧಾನ ಸಿಗುತ್ತದೆ. ಬೇಸಿಗೆಯ ಉರಿಯಲ್ಲಿ ಎಷ್ಟು ಹೆಚ್ಚಿಸಬಹುದೆಂದು ವೈದ್ಯರನ್ನೇ ಕೇಳಬೇಕು. ಎಳನೀರು ಮಾತ್ರ ಬೇಡ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಅದು ರಕ್ತದಲ್ಲಿ ಏರಿದರೆ ಹೃದಯವೇ ನಿಲ್ಲಬಹುದು.

2. ತುರಿಕೆ

ರಾತ್ರಿಯೆಲ್ಲ ಮೈ ಕೆರೆದುಕೊಳ್ಳುವ ಹಿರಿಯರನ್ನು ಚರ್ಮರೋಗಿಗಳೆಂದು ದೂರ ಕೂರಿಸಬೇಡಿರಿ. ಇದು ಅಂಟುವುದಿಲ್ಲ. ಒಣಗಿದ ಚರ್ಮ, ರಕ್ತದಲ್ಲಿ ಏರಿದ ರಂಜಕ, ಸಾಲದ ಡಯಾಲಿಸಿಸ್ ಇದಕ್ಕೆ ಕಾರಣಗಳು. ಉಗುರುಬೆಚ್ಚಗಿನ ನೀರಿನ ಸ್ನಾನ ಮಾಡಿಸಿ, ಮೈ ಇನ್ನೂ ಹಸಿಯಿರುವಾಗಲೇ ಕೊಬ್ಬರಿ ಎಣ್ಣೆ ಸವರಿರಿ. ಹತ್ತಿಯ ಬಟ್ಟೆ ತೊಡಿಸಿ ಉಗುರು ಕತ್ತರಿಸಿರಿ. ರಂಜಕದ ಮಾತ್ರೆಯನ್ನು ಊಟದ ಜೊತೆಯಲ್ಲೇ ಕೊಡಬೇಕು, ಬರಿ ಹೊಟ್ಟೆಯಲ್ಲಿ ಕೊಟ್ಟರೆ ಪ್ರಯೋಜನವಿಲ್ಲ. ಅಷ್ಟಾದರೂ ನಿದ್ದೆ ಬಾರದಿದ್ದರೆ ವೈದ್ಯರ ಬಳಿ ಬೇರೆ ಔಷಧಗಳಿವೆ, ಕೇಳಿರಿ.

3. ಕಾಲು ಸೆಳೆತ, ತಲೆಸುತ್ತು, ಸುಸ್ತು

ಎರಡು ಡಯಾಲಿಸಿಸ್ ನಡುವೆ ಹೆಚ್ಚು ನೀರು ಸೇರಿದ್ದರೆ ಯಂತ್ರ ಅದನ್ನು ಅವಸರದಲ್ಲಿ ತೆಗೆಯಬೇಕಾಗುತ್ತದೆ. ಸೆಳೆತಕ್ಕೂ ರಕ್ತದೊತ್ತಡ ಕುಸಿಯುವುದಕ್ಕೂ ಇದೇ ಮುಖ್ಯ ಕಾರಣ. ಸೆಳೆತ ಬಂದಾಗ ಪಾದದ ಬೆರಳುಗಳನ್ನು ಮೊಣಕಾಲಿನ ಕಡೆಗೆ ಮೆಲ್ಲಗೆ ಎಳೆದು ಹಿಡಿಯಿರಿ. ಡಯಾಲಿಸಿಸ್ ದಿನ ಬೆಳಿಗ್ಗೆ ರಕ್ತದೊತ್ತಡದ ಮಾತ್ರೆ ಕೊಡಬೇಕೇ ಬೇಡವೇ ಎಂದು ಮೊದಲೇ ವಿಚಾರಿಸಿರಿ. ಮುಗಿದ ಮೇಲೆ ಒಮ್ಮೆಲೇ ಎಬ್ಬಿಸದೆ ಸ್ವಲ್ಪ ಹೊತ್ತು ಕೂರಿಸಿರಿ. ಒಬ್ಬರನ್ನೇ ಬಸ್ಸಿಗೆ ಹತ್ತಿಸಿ ಕಳಿಸಬೇಡಿರಿ. ಆ ದಿನದ ಸುಸ್ತು ಸೋಮಾರಿತನವಲ್ಲ. ಸದಾ ನಿಶ್ಶಕ್ತಿಯಿದ್ದರೆ ರಕ್ತಹೀನತೆ ಇರಬಹುದು. ಅದಕ್ಕೆ ಚುಚ್ಚುಮದ್ದು ಉಂಟು.

4. ಊಟ

ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ದೊರೆತದ್ದು ನಮಗೆಲ್ಲ ಹೆಮ್ಮೆ. ಈ ರೋಗಿಗಳಿಗೆ ಸಸಾರಜನಕವೂ ಬೇಕು, ಆದುದರಿಂದ ಬೇಳೆಯನ್ನು ಪೂರ್ತಿ ಬಿಡಿಸುವಂತಿಲ್ಲ. ಆದರೆ ಬೇಳೆ ಬೇಯಿಸಿದ ಕಟ್ಟಿನಲ್ಲಿ ಪೊಟ್ಯಾಸಿಯಂ ಇಳಿದಿರುತ್ತದೆ. ಆ ಕಟ್ಟಿನ ಸಾರು ಅವರಿಗೆ ಬೇಡ. ಆಲೂಗಡ್ಡೆ, ಸೊಪ್ಪು, ತರಕಾರಿಗಳನ್ನು ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ನೀರು ಬಸಿದು ಚೆಲ್ಲಿರಿ. ಮೊಟ್ಟೆಯ ಬಿಳಿಭಾಗ ಒಳ್ಳೆಯದು. ವಾಕರಿಕೆ ಇದ್ದರೆ ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಸಲ ಉಣಿಸಿರಿ. ಕಡಿಮೆ ಸೋಡಿಯಂ ಎಂದು ಮಾರುವ ಉಪ್ಪನ್ನು ತರಬೇಡಿರಿ, ಅದರಲ್ಲಿ ಪೊಟ್ಯಾಸಿಯಂ ಸೇರಿಸಿರುತ್ತಾರೆ. ಮೈಕೈ ನೋವಿನ ಮಾತ್ರೆ, ಹೊಟ್ಟೆಯುರಿ ಮತ್ತು ಮಲಬದ್ಧತೆಯ ಔಷಧ, ನಾಟಿ ಬೇರುಗಳನ್ನು ಡಯಾಲಿಸಿಸ್ ವೈದ್ಯರನ್ನು ಕೇಳದೆ ಕೊಡಬಾರದು.

5. ಹೊಲದ ಕೆಲಸ ಮತ್ತು ಫಿಸ್ಟುಲಾ ಕೈ

ಸೂಜಿ ಚುಚ್ಚುವ ಕೈಯಲ್ಲಿ ತೊಗರಿ ಕಟ್ಟು, ನೀರಿನ ಕೊಡ ಎತ್ತಿಸಬೇಡಿರಿ. ಬಿಗಿ ಬಳೆ, ಗಡಿಯಾರ ಬೇಡ. ಆ ಕೈಯಲ್ಲಿ ರಕ್ತದೊತ್ತಡ ಅಳೆಯಲೂ ರಕ್ತ ತೆಗೆಯಲೂ ಬಿಡಬೇಡಿರಿ. ದಿನವೂ ಮುಟ್ಟಿ ನೋಡಿದರೆ ಜುಮ್ಮೆನ್ನುವ ಕಂಪನ ತಿಳಿಯಬೇಕು. ರಾಶಿ ಮುಗಿಯಲಿ ಎಂದು ಒಂದು ಸಲದ ಡಯಾಲಿಸಿಸ್ ಬಿಡಿಸುವ ಪದ್ಧತಿ ಪ್ರಾಣಾಂತಿಕ. ರಾಶಿ ಎರಡು ದಿನ ಕಾದೀತು, ರಕ್ತ ಕಾಯದು.

ತಡಮಾಡದೆ 108ಕ್ಕೆ ಕರೆಯಬೇಕಾದ ಲಕ್ಷಣಗಳು: ಮಲಗಿದರೆ ಉಸಿರು ಕಟ್ಟುವುದು, ಎದೆನೋವು, ಕೈಕಾಲಿನ ಶಕ್ತಿ ಒಮ್ಮೆಲೇ ಕುಂದುವುದು, ನಡುಗುವ ಚಳಿಜ್ವರ, ಸೂಜಿಯ ಜಾಗದಿಂದ ನಿಲ್ಲದ ರಕ್ತ. ರಕ್ತ ಹರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದೇ ಕರೆದೊಯ್ಯಿರಿ. ಕೈಯ ಕಂಪನ ನಿಂತಿದ್ದರೆ ಅಂದೇ ಡಯಾಲಿಸಿಸ್ ಕೇಂದ್ರಕ್ಕೆ ಹೋಗಿರಿ.

6. "ಸಾಕು, ನನ್ನ ಬಿಟ್ಟುಬಿಡ್ರಿ" ಎಂದಾಗ

ಅನೇಕ ಹಿರಿಯರು ಈ ಮಾತು ಆಡುತ್ತಾರೆ. ಮಕ್ಕಳು ಗದರುತ್ತಾರೆ, ಇಲ್ಲವೆ ಅಳುತ್ತಾರೆ. ಎರಡನ್ನೂ ಬಿಟ್ಟು, "ಅಪ್ಪಾ, ಯಾವುದು ಹೆಚ್ಚು ತ್ರಾಸ ಆಗ್ತದ?" ಎಂದು ಕೇಳಿರಿ. ಕೆಲವೊಮ್ಮೆ ಉತ್ತರ ತುರಿಕೆ ಅಥವಾ ನಿದ್ದೆಯಿಲ್ಲದಿರುವುದು, ಅದಕ್ಕೆ ಪರಿಹಾರವಿದೆ. ಕೆಲವೊಮ್ಮೆ ತಮ್ಮಿಂದ ಹೊಲ ಮಾರಬೇಕಾದೀತೆಂಬ ಅಳುಕು. ಹಾಗಿದ್ದರೆ ಆರೋಗ್ಯಶ್ರೀ ಯೋಜನೆಯಲ್ಲಿ ಡಯಾಲಿಸಿಸ್ ಸೇರಿದೆ ಎಂಬುದನ್ನು, 2016ರಲ್ಲಿ ಕೇಂದ್ರ ಸರ್ಕಾರವೂ ಬಡವರ ಉಚಿತ ಡಯಾಲಿಸಿಸ್‌ಗಾಗಿ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತೆಂಬುದನ್ನು ಅವರಿಗೆ ತಿಳಿಸಿರಿ.

ಎಲ್ಲ ಉಪಶಮನ ಮಾಡಿದ ಮೇಲೂ ಚಿಕಿತ್ಸೆಯೇ ಹೊರಲಾರದ ಹೊರೆಯಾದರೆ? ಜೀವ ತೆಗೆಯುವುದನ್ನು ಧರ್ಮಸಭೆ ಎಂದೂ ಒಪ್ಪುವುದಿಲ್ಲ. ಆದರೆ ಫಲಕ್ಕಿಂತ ಹೊರೆಯೇ ಮಿಗಿಲಾದ ಚಿಕಿತ್ಸೆಯನ್ನು ನಿಲ್ಲಿಸುವುದು ಕೊಲೆಯೂ ಅಲ್ಲ, ಆತ್ಮಹತ್ಯೆಯೂ ಅಲ್ಲ ಎಂಬುದು 1980ರ ವ್ಯಾಟಿಕನ್ ಘೋಷಣೆ ಮತ್ತು ಕಥೋಲಿಕ ಧರ್ಮೋಪದೇಶದ 2278ನೇ ವಾಕ್ಯದ ಬೋಧನೆ. ಅರಿವಿರುವ ತನಕ ಆ ನಿರ್ಧಾರ ರೋಗಿಯದೇ, ಮಕ್ಕಳದಲ್ಲ. ವೈದ್ಯರ ಮಾತು ಕೇಳಿದ ಮೇಲೆಯೇ ಮಾಡತಕ್ಕದ್ದು. ಆಮೇಲೂ ಉಸಿರಾಟದ ಬಾಧೆ, ನೋವುಗಳಿಗೆ ಔಷಧ ನಿಲ್ಲಬಾರದು.

ಇನ್ನೊಂದು ಮಾತು. ತಪಸ್ಸುಕಾಲದ ಉಪವಾಸದ ಕಟ್ಟಳೆ 59 ವರ್ಷ ತುಂಬಿದವರಿಗೆ ಇಲ್ಲ, ರೋಗಿಗಳಿಗೂ ಇಲ್ಲ. ಅವರು ಊಟ ಬಿಟ್ಟು ಮಾತ್ರೆ ತಪ್ಪಿಸುವುದು ಬೇಡ. ರೋಗಿಗಳ ಅಭ್ಯಂಗ ಸಾಯುವ ಗಳಿಗೆಗೆ ಮಾತ್ರ ಮೀಸಲಲ್ಲ. ಈಗಲೇ ಹೇಳಿ ಕಳಿಸಿರಿ, ಪರಮಪ್ರಸಾದವನ್ನೂ ಮನೆಗೆ ತರುತ್ತೇವೆ.

ಮುಪ್ಪಿನ ತಂದೆಗೆ ಆಸರೆಯಾಗು, ಅವನ ಬುದ್ಧಿ ಕುಂದಿದರೂ ತಾಳಿಕೋ ಎಂದು ಸಿರಾಖನು ಬೋಧಿಸುತ್ತಾನೆ. ನಮ್ಮ ಧರ್ಮಕೇಂದ್ರದ ಕುಟುಂಬಗಳು ಸರದಿಯಂತೆ ಅಂಥ ಮನೆಯ ಒಂದು ದಿನದ ಹೊಲಗೆಲಸವನ್ನೋ ಆಸ್ಪತ್ರೆಯ ಜೊತೆಯನ್ನೋ ವಹಿಸಿಕೊಂಡರೆ, ಆ ಬೋಧನೆಯನ್ನು ನಾವೆಲ್ಲರೂ ಸೇರಿ ಪಾಲಿಸಿದಂತೆ ಆಗುತ್ತದೆ.